ಬೆಲ್ಟಿಗೆ ಮುಹೂರ್ತ ಹೇಳುವ ಬಾಸುನ್ನೆಹೆ

ಒಂದಾನೊಂದು ಕಾಲದಲ್ಲಿ ಸಮುದ್ರದ ನಡುವೆ ಒಂದು ರಾಜ್ಯವಿತ್ತಂತೆ. ಅಲ್ಲಿ ಹೊಸ ರಾಜ ಪಟ್ಟವೇರಿದ ದಿನ ಕಾಲವೂ ಹೊಸದಾಗಿಬಿಡುತ್ತಿತ್ತಂತೆ. ಹಳೆಯ ರಾಜನ ಅರವತ್ತೆರಡನೆಯ ವರ್ಷ, ಅರವತ್ತಮೂರನೆಯ ವರ್ಷ ಎಂದು ಎಣಿಸುತ್ತ ಬಂದ ಜನ ಆ ರಾಜ ಕಣ್ಣು ಮುಚ್ಚಿದೊಡನೆ ಎಣಿಕೆ ಬಿಟ್ಟು, ಮತ್ತೆ ಒಂದರಿಂದ ಶುರು ಮಾಡುತ್ತಿದ್ದರಂತೆ. ಎಷ್ಟೋ ಕಾಲದ ಮೇಲೆ ಆ ರಾಜ್ಯದ ಹಳೆಯ ರಥಗಳು ಹಡಗು ಹತ್ತಿ ದೂರದ ಇನ್ನೊಂದು ದ್ವೀಪಕ್ಕೆ ಬಂದವು. ಒಂದೊಂದು ರಥದ ಹೊಟ್ಟೆಯೊಳಗೂ ಒಂದೊಂದು ಚೀಟಿ ಅಂಟಿತ್ತು. ಚೀಟಿಯಲ್ಲಿ ವರ್ಷ ಬರೆದಿತ್ತು. ಯಾವ ರಾಜನ ವರ್ಷ ಎಂಬುದು ಮಾತ್ರ ದ್ವೀಪದವರಿಗೆ ತಿಳಿಯದು.

ಅಜ್ಜಿ ಕಥೆಯಂತೆ ಕೇಳಿಸಿದರೂ ಇದರಲ್ಲಿ ಸುಳ್ಳಿಲ್ಲ. ಆ ರಾಜ್ಯ ಜಪಾನ್. ಈ ದ್ವೀಪ ಲಂಕೆ. ರಥವೆಂದರೆ ಸದ್ಯಕ್ಕೆ ಕುಳಿಯಾಪಿಟಿಯದ ಒಂದು ತೆಂಗಿನ ತೋಪಿನ ಅಂಚಿನಲ್ಲಿ, ತಗಡಿನ ಮಾಡಿನ ಕೆಳಗೆ ನಿಂತಿರುವ ಹಾಲುಬಣ್ಣದ ಡಾಲ್ಫಿನ್ ವ್ಯಾನ್. ಏಪ್ರಿಲ್ ಹದಿಮೂರು, ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹೊಸ ವರ್ಷ ಬಂತೆಂದು ಕೋಗಿಲೆ ಹಟ ಹಿಡಿದು ಕೂಗುತ್ತಿದೆ. ಬ್ರೆಡ್ ಮಾರುವ ಬೇಕರಿಯ ಆಟೋ ತನ್ನ ಮುರುಕು ರಾಗ ಹಾಡಿಕೊಂಡು ಗಲ್ಲಿ ದಾಟಿ ಹೋಗುತ್ತದೆ. ವ್ಯಾನಿನ ಮುಂದಿನ ಸೀಟನ್ನು ಮೇಲಕ್ಕೆತ್ತಿ, ಅದರಡಿಯ ಎಂಜಿನ್ನಿನೊಳಗೆ ಅರ್ಧ ಮೈ ಇಳಿಬಿಟ್ಟುಕೊಂಡು, ಬಾಯಲ್ಲಿ ಟಾರ್ಚ್ ಕಚ್ಚಿ ಹಿಡಿದು ಕೂತಿದ್ದಾರೆ ಅಬೇರತ್ನ.

"ಬಾಸುನ್ನೆಹೆ, ಆಗುತ್ತಾ?" ಎಂದು ಕೇಳುತ್ತಾರೆ ಕೆಳಗೆ ನಿಂತ ಶ್ರೀಯಾಲತಾ. ವ್ಯಾನ್ ಅವರದು. ಕೈಕೆಲಸ ಬಲ್ಲವರನ್ನೆಲ್ಲ ಇಲ್ಲಿ ಬಾಸುನ್ನೆಹೆ ಎಂದೇ ಕರೆಯುವುದು.

"ಹ್ಞೂಂ."

"ನೊನಗತೆ ಶುರುವಾಗೋದರೊಳಗೆ?"

"ಹ್ಞೂಂ ಹ್ಞೂಂ."

"ಟಾರ್ಚ್ ಉಗುಳಿ ಹೇಳಿ. ಹಾಗಂದ್ರೆ ನನಗೆ ಧೈರ್ಯ ಬರಲ್ಲ."

ಅಬೇರತ್ನ ಟಾರ್ಚನ್ನು ಕೈಗೆ ತೆಗೆದುಕೊಳ್ಳುತ್ತಾರೆ. "ಎರಡೂ ಹನ್ನೆರಡಕ್ಕೆ ನೊನಗತೆ. ಎರಡಕ್ಕೆ ನಿನ್ನ ಕೈಗೆ ಬೀಗದ ಕೈ. ಮಾತು ಕೊಟ್ಟಾಯ್ತಲ್ಲ ನಂಗಿ, ಇನ್ನೂ ಯಾಕೆ ನಿಂತಿದ್ದೀಯ? ಹೋಗಿ ಕವುಮ್ ಕರೀ." ನಂಗಿ ಎಂದರೆ ತಂಗಿ, ಕವುಮ್ ಎಂದರೆ ಹಬ್ಬದ ಕಜ್ಜಾಯ.

ನೊನಗತೆ ಎಂದರೆ ಹಳೆ ವರ್ಷ ಮುಗಿದು ಹೊಸದು ನೆಲೆಯೂರುವ ನಡುವಿನ, ಯಾರಿಗೂ ಸೇರದ ಹೊತ್ತು. ಆಗ ಒಲೆ ಹಚ್ಚುವಂತಿಲ್ಲ, ಕೆಲಸ ಮುಟ್ಟುವಂತಿಲ್ಲ. ಅದು ಕಳೆದ ಮೇಲೆ ಪಂಚಾಂಗ ಹೇಳಿದ ಗಳಿಗೆಗೆ ಸರಿಯಾಗಿ ಮೊದಲ ಒಲೆ, ಮೊದಲ ತುತ್ತು, ಮೊದಲ ಕೆಲಸ. ರೈತ ಗುದ್ದಲಿ ಮುಟ್ಟುತ್ತಾನೆ, ಹೊಲಿಗೆಯವಳು ಒಂದು ಗೆರೆ ಹೊಲಿಯುತ್ತಾಳೆ. ಶ್ರೀಯಾಲತಾ ನಾಳೆ ಬೆಳಿಗ್ಗೆ ಆರೂ ನಲವತ್ತೆಂಟಕ್ಕೆ ಪೂರ್ವಕ್ಕೆ ಮುಖ ಮಾಡಿ ವ್ಯಾನಿನ ಕೀಲಿ ತಿರುಗಿಸಬೇಕು. ಮನೆಯ ಐದು ಬಾಯಿಗೆ ಅನ್ನ ಹಾಕುವುದು ಈ ಒಂದು ಎಂಜಿನ್. ವರ್ಷದ ಮೊದಲ ಗಳಿಗೆಯಲ್ಲಿ ಅದು ಬಿಚ್ಚಿ ಹರಡಿಕೊಂಡು ಬಿದ್ದಿದ್ದರೆ ವರ್ಷವಿಡೀ ಹಾಗೇ ಎಂಬ ಅಂಜಿಕೆ. ಅದಕ್ಕಿಂತ ದೊಡ್ಡ ಅಂಜಿಕೆ ಮೂರು ದಿನದ ಹಿಂದೆ ಹುಟ್ಟಿದ್ದು, ಇದೇ ಮಾಡಿನ ಕೆಳಗೆ.

ಅಂದು ಶ್ರೀಯಾಲತಾ ಬಂದಿದ್ದು ಬರೀ ಎಣ್ಣೆ ಬದಲಾಯಿಸಲು. ಶಾಲೆಗೆ ರಜೆ ಸಿಕ್ಕಿತ್ತು. ಹದಿನೇಳು ಮಕ್ಕಳನ್ನು ಕೊನೆಯ ದಿನ ಮನೆ ಮುಟ್ಟಿಸಿ ನೇರ ಇಲ್ಲಿಗೆ ಬಂದಿದ್ದರು. ಎಣ್ಣೆ ಸೋರಲು ಬಿಟ್ಟು ಅಬೇರತ್ನ ಅಭ್ಯಾಸಬಲದಿಂದ ಕೇಳಿದರು: "ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು?"

"ಎರಡು ಸಾವಿರದ ಹದಿನೆಂಟು," ಎಂದರು ಶ್ರೀಯಾಲತಾ. ಮಾರಿದವನು ಹಾಗೆಂದು ಹೇಳಿದ್ದ. ಹೇಳಿದ್ದಷ್ಟೇ ಅಲ್ಲ, ತೋರಿಸಿಯೂ ಇದ್ದ. ಎಂಜಿನ್ ಮುಚ್ಚಳದ ಒಳಮೈಗೆ ಹಳದಿ ತಿರುಗಿದ ಜಪಾನಿ ಚೀಟಿ. ಎಣ್ಣೆ ಕುಡಿದು ಮಸುಕಾದ ಚಿತ್ರದಂಥ ಅಕ್ಷರಗಳ ನಡುವೆ ಇಂಗ್ಲಿಷ್ ಅಂಕಿಯಲ್ಲಿ 18. ಮುಂದೆ 3. ಹದಿನೆಂಟನೆಯ ಇಸವಿ, ಮೂರನೆಯ ತಿಂಗಳು. ಇನ್ನೇನು ಬೇಕು ಸಾಕ್ಷಿ?

ಅಬೇರತ್ನ ಕನ್ನಡಕ ಏರಿಸಿ ಚೀಟಿ ನೋಡಿದರು. ಆಮೇಲೆ ವ್ಯಾನಿನ ನೋಂದಣಿ ಪುಸ್ತಕ ಕೇಳಿದರು. ಆಮೇಲೆ ನಗಲು ಶುರು ಮಾಡಿದರು.

"ಈ ವ್ಯಾನ್ ಲಂಕೆಗೆ ಬಂದಿದ್ದು ಎರಡು ಸಾವಿರದ ಎಂಟರಲ್ಲಿ. ಪುಸ್ತಕದಲ್ಲಿದೆ. ಎರಡು ಸಾವಿರದ ಹದಿನೆಂಟರಲ್ಲಿ ಜಪಾನಿನಲ್ಲಿ ಬೆಲ್ಟ್ ಹಾಕಿಸ್ಕೊಂಡು ಬಂತಾ? ಹೆಂಗೆ ಹೋಯ್ತು? ಸಮುದ್ರದ ಮೇಲೆ ಓಡಿಸ್ಕೊಂಡು ಹೋದ್ರಾ? ಹೆಸರು ಡಾಲ್ಫಿನ್ ಅಂತ ಈಜಿಬಿಡ್ತಾ?"

ಹದಿನೆಂಟು ಹೌದು, ಯಾವ ರಾಜನ ಹದಿನೆಂಟು ಎಂಬುದೇ ಪ್ರಶ್ನೆ. ಮಸುಕಾದ ಆ ಎರಡು ಅಕ್ಷರಗಳಲ್ಲಿ ರಾಜನ ಕಾಲದ ಹೆಸರಿದೆ. ಆ ಕಾಲದ ಹದಿನೆಂಟೆಂದರೆ ಜಗತ್ತಿನ ಲೆಕ್ಕದಲ್ಲಿ ಎರಡು ಸಾವಿರದ ಆರು. ಚೀಟಿಯ ಕೆಳಗಿನ ಸಾಲಿನಲ್ಲಿ ಉದ್ದದ ಇನ್ನೊಂದು ಅಂಕಿ ಇತ್ತು: 196,400. ಶ್ರೀಯಾಲತಾ ಮತ್ತು ಅವರ ಗಂಡ ವಿಪುಲ ಅದನ್ನು ಯಾವುದೋ ಬಿಡಿಭಾಗದ ನಂಬರ್ ಎಂದುಕೊಂಡಿದ್ದರು. ಅದು ಕಿಲೋಮೀಟರ್. ಈಗ ವ್ಯಾನಿನ ಮೀಟರ್ ತೋರಿಸುತ್ತಿರುವುದು 118,000. ಅಂದರೆ ಯಾರೋ ಮೀಟರಿನ ಕಿವಿ ಹಿಂಡಿ ಹಿಂದಕ್ಕೆ ತಿರುಗಿಸಿದ್ದಾರೆ.

"ಮನುಷ್ಯ ಸುಳ್ಳು ಹೇಳ್ತಾನೆ," ಎನ್ನುತ್ತಾರೆ ಅಬೇರತ್ನ. "ಮೀಟರ್ ಕೈಲಿ ಸುಳ್ಳು ಹೇಳಿಸ್ತಾನೆ. ಚೀಟಿ ಪಾಪ, ಅದಕ್ಕೆ ಸುಳ್ಳು ಬರಲ್ಲ. ನಮಗೆ ಓದೋಕೆ ಬರಲ್ಲ, ಅಷ್ಟೇ."

ಅಬೇರತ್ನರಿಗೆ ಐವತ್ತೊಂಬತ್ತು. ಈ ಚೀಟಿ ಓದಲು ಕಲಿತಿದ್ದು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ನಗೋಯಾ ಹತ್ತಿರ ಹಳೆಯ ಗಾಡಿಗಳನ್ನು ಒಡೆಯುವ ಒಂದು ಅಂಗಳದಲ್ಲಿ. ಮೂರೂವರೆ ವರ್ಷ, ದಿನಕ್ಕೆ ಎಂಟು ಗಾಡಿ, ಚಳಿಗಾಲದಲ್ಲಿ ಬೆರಳು ಸೆಟೆದುಕೊಂಡರೆ ಬಿಸಿ ಚಹಾ ಲೋಟಕ್ಕೆ ಅದ್ದಿ ಮತ್ತೆ ಪಾನಾ ಹಿಡಿಯುವುದು. ಮೇಸ್ತ್ರಿ ಮೊರಿತಾ ಎಂಬ ಮುದುಕ. ಒಡೆಯುವ ಮುಂಚೆ ಪ್ರತಿ ಗಾಡಿಯ ಚೀಟಿಯನ್ನೂ ಗಟ್ಟಿಯಾಗಿ ಓದಿಸುತ್ತಿದ್ದನಂತೆ. ಸಾಯುವ ಗಾಡಿಗೆ ಅದರ ವಯಸ್ಸು ಹೇಳಿ ಕಳಿಸಬೇಕು ಎಂಬುದು ಅವನ ಕಟ್ಟಳೆ. "ನಾನು ತಪ್ಪಿ ಓದಿದ್ರೆ ಮೊರಿತಾ ನನ್ನ ಹೆಲ್ಮೆಟ್ ಮೇಲೆ ಚಮಚದಲ್ಲಿ ಟಣ್ ಅಂತ ಹೊಡೀತಿದ್ದ. ಆ ಟಣ್ ಟಣ್‌ನಲ್ಲೇ ಇಬ್ಬರು ರಾಜರ ಕಾಲ ಬಾಯಿಪಾಠ ಆಯ್ತು."

ಊರಿಗೆ ಮರಳಿ ಈ ತಗಡಿನ ಮಾಡು ಕಟ್ಟಿದ ಮೇಲೆ ಗೊತ್ತಾಯಿತು, ಇಡೀ ಪಟ್ಟಣ ರಾಜರನ್ನು ಅದಲುಬದಲು ಮಾಡಿಕೊಂಡು ಗಾಡಿ ಓಡಿಸುತ್ತಿದೆ ಎಂದು. ಒಬ್ಬ ಶಾಲಾ ಮೇಷ್ಟ್ರು ತಮ್ಮ ಕಾರಿನ ಚೀಟಿಯಲ್ಲಿ 62 ನೋಡಿ, "ನನ್ನ ಕಾರು ಅರವತ್ತೆರಡನೇ ಇಸವಿಯದು, ಪುರಾತನ ವಸ್ತು," ಎಂದು ಮೀಸೆ ತಿರುವುತ್ತ ಬಂದಿದ್ದರಂತೆ. ಅದು ಹಿಂದಿನ ರಾಜನ ಅರವತ್ತೆರಡು, ಅಂದರೆ ಸಾವಿರದ ಒಂಬೈನೂರ ಎಂಬತ್ತೇಳು. "ಪುರಾತನ ಹೋಯ್ತು, ಬೆಲ್ಟ್ ಉಳೀತು," ಎಂದು ನಗುತ್ತಾರೆ ಅಬೇರತ್ನ. ಅಂದಿನಿಂದ ಜನ ಅವರಿಗೆ ಒಂದು ಹೆಸರು ಕಟ್ಟಿದ್ದಾರೆ: ನೆಕತ ಬಾಸುನ್ನೆಹೆ. ನೆಕತವೆಂದರೆ ಶುಭ ಮುಹೂರ್ತ. ಮದುವೆಗೆ, ಗೃಹಪ್ರವೇಶಕ್ಕೆ ಜೋಯಿಸರು, ಬೆಲ್ಟಿಗೆ ಅಬೇರತ್ನ.

ಅಷ್ಟಕ್ಕೂ ಒಂದು ರಬ್ಬರ್ ಪಟ್ಟಿಗೆ ಯಾಕಿಷ್ಟು ಆದರ? ಕೇಳಿದರೆ ಅಬೇರತ್ನ ಒರಳಿನ ಕಥೆ ಹೇಳುತ್ತಾರೆ. "ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರುಬದುರು ನಿಂತು ಒನಕೆ ಹಾಕೋದು ನೋಡಿದ್ದೀರಲ್ಲ. ಒಬ್ಬಳದು ಏರಿದಾಗ ಇನ್ನೊಬ್ಬಳದು ಇಳೀಬೇಕು. ಇಬ್ಬರನ್ನೂ ಹಿಡಿದಿಡೋದು ಯಾವುದು? ಹಾಡು. ಹಾಡು ನಿಂತ್ರೆ ಒನಕೆಗೆ ಒನಕೆ ಬಡೀತದೆ. ಎಂಜಿನ್ನಲ್ಲಿ ಕೆಳಗಿನಿಂದ ಏರೋದು ಪಿಸ್ಟನ್, ಮೇಲಿನಿಂದ ಇಳಿಯೋದು ವಾಲ್ವ್. ನಡುವಿನ ಹಾಡೇ ಈ ಬೆಲ್ಟ್. ಅದು ಕಡಿದ ಕ್ಷಣಕ್ಕೆ ಎಲ್ಲಾ ಬಡಿದಾಡಿ ಎಂಜಿನ್ ಪುಡಿ." ಫ್ಯಾನಿನ ಬೆಲ್ಟಾದರೆ ಕಿರುಚಿ ಮುನ್ಸೂಚನೆ ಕೊಡುತ್ತದೆ. ಇದು ಕೊಡುವುದಿಲ್ಲ. ನಿನ್ನೆ ಹೇಗಿತ್ತೋ ಇಂದೂ ಹಾಗೇ ಇದ್ದು, ಒಂದು ತಿರುವಿನಲ್ಲಿ ಸುಮ್ಮನೆ ಹೋಗಿಬಿಡುತ್ತದೆ.

ಹಾಗಾಗಿ ಅದರ ಕಾಲ ಮುಗಿಯಿತೆಂದು ಮುಂಚೆಯೇ ತಿಳಿಯುವುದೇ ವಿದ್ಯೆ. ಇಂಥ ವ್ಯಾನುಗಳಿಗೆ ಅಬೇರತ್ನ ಇಟ್ಟುಕೊಂಡಿರುವ ಲೆಕ್ಕ ಒಂದು ಲಕ್ಷ ಕಿಲೋಮೀಟರ್ ಇಲ್ಲವೇ ಏಳು ವರ್ಷ, ಯಾವುದು ಮೊದಲೋ ಅದು. ಗಾಡಿ ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಎಣ್ಣೆ ಜಿನುಗಿ ಬೆಲ್ಟಿಗೆ ತಾಗಿದ್ದರೆ ವರ್ಷ, ಮೈಲಿ ಯಾವುದನ್ನೂ ನಂಬಬಾರದು. ಹಾಕಿದ್ದು ಯಾವಾಗ ಎಂದು ಗೊತ್ತೇ ಇಲ್ಲದಿದ್ದರೆ? "ಗೊತ್ತಿಲ್ಲದ ಬೆಲ್ಟಿಗೆ ಒಂದೇ ನೆಕತ. ಇವತ್ತು."

ಈ ಖಚಿತತೆ ಸುಮ್ಮನೆ ಬಂದಿದ್ದಲ್ಲ. ಮಾಡು ಕಟ್ಟಿದ ಎರಡನೆಯ ವರ್ಷ ಹಲಾವತದ ಮೀನಿನ ಲಾರಿಯವನೊಬ್ಬ ಬಂದಿದ್ದ. ಬೆಲ್ಟ್ ಹೋದ ವರ್ಷವಷ್ಟೇ ಹಾಕಿಸಿದ್ದೇನೆ ಎಂದ. ಎಲ್ಲಿಯೂ ಬರೆದಿರಲಿಲ್ಲ. ಅಬೇರತ್ನ ಮಾತು ನಂಬಿ ಬಿಚ್ಚದೆ ಕಳಿಸಿದರು. ಹನ್ನೆರಡನೆಯ ದಿನ ಮಾದಂಪೆಯ ಹತ್ತಿರ ಲಾರಿ ನಿಂತಿತು. ತುಂಬಿದ ಮೀನು ಬಿಸಿಲಿಗೆ ಕೊಳೆಯಿತು. ಲಾರಿಯವನು ಬಸ್ಸಿನಲ್ಲಿ ಬಂದು ಒಂದು ಬಲಯಾ ಮೀನಿನ ತಲೆಯನ್ನು ಈ ಬೆಂಚಿನ ಮೇಲಿಟ್ಟು, ಒಂದು ಮಾತೂ ಆಡದೆ ಹೊರಟುಹೋದ. "ಬೈದಿದ್ರೆ ಮರೀತಿದ್ದೆ. ಅವನು ಬೈಲಿಲ್ಲ," ಎನ್ನುವಾಗ ಅಬೇರತ್ನರ ಕೈಯಲ್ಲಿನ ಪಾನಾ ಒಂದು ಗಳಿಗೆ ನಿಲ್ಲುತ್ತದೆ. ಅಂದಿನಿಂದ ಅವರ ಅಂಗಳದಲ್ಲಿ ಬರೆಯದ ಬೆಲ್ಟೆಂದರೆ ಹಾಕದ ಬೆಲ್ಟ್.

ದಿನಚರಿ ಹೀಗೆ: ನಾಲ್ಕೂವರೆಗೆ ಏಳುವುದು, ಬುದ್ಧನ ಗೂಡಿಗೆ ಹೂವಿಡುವುದು, ಐದೂವರೆಗೆ ಕೆಲಸ. ಒಂದು ಬೆಲ್ಟಿಗೆ ಐದಾರು ಗಂಟೆ, ಹಟಮಾರಿ ಗಾಡಿಯಾದರೆ ಇಡೀ ದಿನ. ವಾರಕ್ಕೆ ಮೂರು ಅಥವಾ ನಾಲ್ಕು. ಮೂವತ್ತೊಂದು ವರ್ಷ. ಒಟ್ಟು ಐದು ಸಾವಿರ ದಾಟಿರಬೇಕು ಎಂಬುದು ಅವರ ಹೆಂಡತಿ ಸೋಮಲತಾ ಹಾಕಿದ ಅಂದಾಜು. ಚಹಾದ ಅಂದಾಜನ್ನು ಆಕೆ ಇನ್ನೂ ಖಚಿತವಾಗಿ ಹೇಳುತ್ತಾರೆ: ದಿನಕ್ಕೆ ಏಳು, ಹಾಲಿಲ್ಲದೆ, ಬೆಲ್ಲದ ಚೂರು ಕಚ್ಚಿಕೊಂಡು. ದೇಶದಲ್ಲಿ ಡೀಸೆಲ್ಲಿಗೆ ಮೈಲಿಗಟ್ಟಲೆ ಸಾಲು ನಿಂತ ಆ ವರ್ಷ ಹೊಸ ಬೆಲ್ಟುಗಳೇ ಸಿಗಲಿಲ್ಲ. ಗುಜರಿ ಗಾಡಿಯಿಂದ ಕಿತ್ತ ಬೆಲ್ಟನ್ನೇ ಒರೆಸಿ ಹಾಕಿಕೊಡು ಎಂದು ಜನ ದುಂಬಾಲು ಬಿದ್ದರು. ಅಬೇರತ್ನ ಹಾಕಲಿಲ್ಲ. ಐದು ತಿಂಗಳು ಮನೆಯಲ್ಲಿ ಹಲಸಿನಕಾಯಿಯೇ ಬೆಳಗಿನದು, ಹಲಸಿನಕಾಯಿಯೇ ರಾತ್ರಿಯದು. "ಗಂಡನಿಗೆ ರಬ್ಬರಿನ ಮೇಲಿರೋ ನಿಯತ್ತು ನಾಲಿಗೆ ಮೇಲಿದ್ದಿದ್ರೆ ಒಂದು ದಿನವಾದ್ರೂ ಅಡಿಗೆ ಚೆನ್ನಾಗಿದೆ ಅಂತಿದ್ರು," ಎಂದು ಕವುಮಿನ ಬಾಣಲೆಯ ಮುಂದಿನಿಂದಲೇ ಸೋಮಲತಾ ಕೂಗಿ ಹೇಳುತ್ತಾರೆ.

ರಸ್ತೆಯಾಚೆ ಟೈಟಸ್ ಎಂಬುವರ ದೊಡ್ಡ ಗ್ಯಾರೇಜಿದೆ. ಪುಡಿಯಾದ ಎಂಜಿನ್ನುಗಳನ್ನು ಎಬ್ಬಿಸಿ ನಿಲ್ಲಿಸುವುದರಲ್ಲಿ ಎತ್ತಿದ ಕೈ. ಸತ್ತದ್ದನ್ನು ಬದುಕಿಸುವ ಟೈಟಸ್ ಹೆಸರು ಕುರುನೇಗಲದವರೆಗೂ ಗೊತ್ತು. ಮನೆಯ ಗೋಡೆಗೆ ಸನ್ಮಾನದ ಶಾಲುಗಳು ನೇತುಬಿದ್ದಿವೆ. ಸಾಯದಂತೆ ನೋಡಿಕೊಳ್ಳುವ ಅಬೇರತ್ನರಿಗೆ ಶಾಲು ಹೊದಿಸಿದವರಿಲ್ಲ. "ಇವನೊಬ್ಬ ಈ ಊರಲ್ಲಿ ಇಲ್ಲದಿದ್ರೆ ನಾನು ಮೂರು ಮಹಡಿ ಕಟ್ಟಿರ್ತಿದ್ದೆ," ಎಂದು ಗೆಳೆಯನ ಬೆನ್ನು ಗುದ್ದುತ್ತಾರೆ ಟೈಟಸ್. "ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಜಪಾನಿಗೆ ಹೋಗಿ ಕಲಿತು ಬಂದಿದ್ದಾನೆ!"

ಎಂಟು ಗಂಟೆಗೆ ವಿಪುಲ ಬರುತ್ತಾರೆ. ಬೆನ್ನುಮೂಳೆಯ ನೋವಿನಿಂದ ಕೆಲಸ ಬಿಟ್ಟವರು, ಕೈಯಲ್ಲಿ ಊರುಗೋಲು. ಈ ಬಿಚ್ಚುವಿಕೆಗೆ ಅವರ ಒಪ್ಪಿಗೆ ಇರಲಿಲ್ಲ. ಚೆನ್ನಾಗಿ ಓಡುತ್ತಿರುವ ಗಾಡಿಯನ್ನು ಹಬ್ಬದ ಹೊತ್ತಿಗೆ ಯಾರು ಬಿಚ್ಚಿಸುತ್ತಾರೆ ಎಂದು ಮೂರು ದಿನ ಹೆಂಡತಿಯ ಜತೆ ವಾದಿಸಿದ್ದಾರೆ. ಹೊಸ ಬೆಲ್ಟ್ ಬಿಡಿಭಾಗಗಳ ಪೇಟೆಯಾದ ಪಂಚಿಕಾವತ್ತೆಯಿಂದ ಬಸ್ಸಿನಲ್ಲಿ ಬಂದದ್ದು ನಿನ್ನೆ ಸಂಜೆ. ಹಬ್ಬ ಕಳೆದ ಮೇಲೆ ನೋಡೋಣ ಎಂಬ ಅವರ ಕೊನೆಯ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಶ್ರೀಯಾಲತಾ ಬೆಳಕು ಹರಿಯುವ ಮುಂಚೆ ವ್ಯಾನ್ ತಂದು ಇಲ್ಲಿ ನಿಲ್ಲಿಸಿದ್ದಾರೆ.

"ಏನು ಬಾಸುನ್ನೆಹೆ, ಒಳಗೆ ನಿಧಿ ಸಿಕ್ತಾ?" ಎನ್ನುತ್ತಾರೆ ವಿಪುಲ.

ಆಳೆತ್ತರದ ಪೈಪು ಹಾಕಿ ದೊಡ್ಡ ನಟ್ಟು ಬಿಚ್ಚಿದ್ದಾಗಿದೆ, ಕಪ್ಪು ಮುಚ್ಚಳ ತೆಗೆದಿದ್ದಾಗಿದೆ. ಅಬೇರತ್ನ ಹಳೆಯ ಬೆಲ್ಟನ್ನು ಮೆಲ್ಲಗೆ ಹೊರಗೆಳೆದು, ಒಂದು ಅಂಚು ಹಿಡಿದು ಹಿಂದಕ್ಕೆ ಮಡಿಸಿ ವಿಪುಲರ ಕಣ್ಣ ಮುಂದೆ ಹಿಡಿಯುತ್ತಾರೆ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಯಂತೆ ಸಾಲುಸಾಲು ಸೀಳು ಬಾಯಿ ತೆರೆಯುತ್ತವೆ. ಎರಡು ಬೆರಳಗಲ ಎಣ್ಣೆ ಕುಡಿದು ಊದಿಕೊಂಡಿದೆ. ಅಬೇರತ್ನ ಒಂದು ಹಲ್ಲಿನ ಮೇಲೆ ಹೆಬ್ಬೆರಳೊತ್ತುತ್ತಾರೆ. ಮಾಗಿದ ಹುಣಿಸೆಯ ಸಿಪ್ಪೆಯಂತೆ ಅದು ಕಳಚಿ ಅವರ ಅಂಗೈಗೆ ಬೀಳುತ್ತದೆ.

"ಇದು ಜಪಾನಿನ ಬೆಲ್ಟಲ್ಲ. ನಡುವೆ ಯಾರೋ ಇಲ್ಲೇ ಹಾಕಿದ್ದಾರೆ. ಯಾವ ವರ್ಷ ಅಂತ ಬರೆಯೋಕೆ ಅವನ ಕೈಗೆ ಏನು ರೋಗ ಬಂದಿತ್ತೋ."

ಶ್ರೀಯಾಲತಾ ಆ ಒಂದು ಹಲ್ಲನ್ನೇ ನೋಡುತ್ತಿದ್ದಾರೆ. "ಬುಧವಾರ ಇದರ ಮೇಲೇ ಹೋದೆ," ಎನ್ನುತ್ತಾರೆ. "ನಾರಮ್ಮಲದ ಏರಲ್ಲಿ, ಹದಿನೇಳು ಮಕ್ಕಳು. ಚಿಕ್ಕವಳು ನನ್ನ ಪಕ್ಕದ ಸೀಟಲ್ಲಿ, ಇದರ ಮೇಲೇ, ಹಾಡು ಹೇಳ್ತಾ ಕೂತಿದ್ದಳು."

ಆಮೇಲೆ ಅಬೇರತ್ನ ಮೆಲ್ಲಗೆ ಕೇಳುತ್ತಾರೆ: "ಒಂದು ಅರ್ಥ ಆಗ್ಲಿಲ್ಲ. ಈ ಗಾಡಿಗೆ ಮೀಟರ್ ಪಕ್ಕ ಒಂದು ಪುಟ್ಟ ದೀಪ ಇರಬೇಕು. ಲಕ್ಷ ಕಿಲೋಮೀಟರಿಗೆ ಬೆಲ್ಟ್ ಬದಲಾಯಿಸು ಅಂತ ಹತ್ಕೊಳ್ಳುತ್ತೆ. ಮೀಟರ್ ಸುಳ್ಳೇ ಇರಲಿ, ಅದರ ಲೆಕ್ಕದಲ್ಲೂ ಲಕ್ಷ ದಾಟಿದೆ. ದೀಪ ಹತ್ತಲೇ ಇಲ್ವಾ?"

ವಿಪುಲ ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾರೆ. "ಹತ್ತಿತ್ತು."

"ಯಾವಾಗ?" ಇದು ಶ್ರೀಯಾಲತಾ.

"ಹೋದ ವೆಸಾಕ್ ಹಬ್ಬದ ಹೊತ್ತಿಗೆ, ನಾನು ಗಾಡಿ ತಿರುಗಿಸಿ ನಿಲ್ಲಿಸೋವಾಗ. ವರ್ಷವೇ ಆಗ್ತಾ ಬಂತು. ಕೆಂಪಗೆ ಉರೀತಾನೇ ಇತ್ತು. ಚೀಟಿಯಲ್ಲಿ ಹದಿನೆಂಟು ಅಂತಿದೆ, ಇದಕ್ಕೇನೋ ತಲೆ ಕೆಟ್ಟಿದೆ ಅಂದ್ಕೊಂಡೆ. ಮಕ್ಕಳ ಅಪ್ಪ ಅಮ್ಮ ನೋಡಿದ್ರೆ ಗಾಡಿ ಸರಿಯಿಲ್ಲ ಅಂತಾರೆ ಅಂತ..." ಅವರು ನೆಲ ನೋಡುತ್ತಾರೆ. "ನೀನು ನೋಡೋ ಮುಂಚೆ ಬಲ್ಬ್ ಕಿತ್ತೆ."

"ಕಿತ್ತೆ!" ಶ್ರೀಯಾಲತಾ ಸೊಂಟಕ್ಕೆ ಕೈಯಿಡುತ್ತಾರೆ. "ಮನೇಲಿ ಫ್ಯೂಸ್ ಹೋದ್ರೆ ಕುರ್ಚಿ ಹತ್ತೋಕೆ ಬೆನ್ನು ನೋವು. ನನ್ನ ಗಾಡಿ ಬಲ್ಬ್ ಕೀಳೋಕೆ ಬೆನ್ನು ಬಂತಾ? ನಾಳೆ ನನಗೆ ಜ್ವರ ಬಂದ್ರೆ ಥರ್ಮಾಮೀಟರ್ ಒಡೆದು ವಾಸಿಯಾಯ್ತು ಅಂತೀರೇನೋ!"

ವಿಪುಲ ಬೆಂಚಿನ ತುದಿಗೆ ಕೂತು, ಕಳಚಿದ ಹಲ್ಲನ್ನು ಕೇಳಿ ಪಡೆದು, ಅಂಗೈಯಲ್ಲಿಟ್ಟು ತಿರುಗಿಸಿ ನೋಡುತ್ತಾರೆ. ಆಮೇಲೆ ತಾವಾಗಿ ಎದ್ದು ಸೀಮೆಎಣ್ಣೆಯ ಬಟ್ಟೆ ಹಿಡಿದು ಒಂದೊಂದೇ ಬೋಲ್ಟು ಒರೆಸಲು ತೊಡಗುತ್ತಾರೆ.

ಬಿಸಿಲೇರುತ್ತದೆ. ಎಣ್ಣೆ ಜಿನುಗುತ್ತಿದ್ದ ಸೀಲು ಬದಲಾಗುತ್ತದೆ, ಬೆಲ್ಟನ್ನು ಬಿಗಿಹಿಡಿಯುವ ಉರುಳೆ ಹೊಸದಾಗುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಹೊಸ ಬೆಲ್ಟ್ ಕೂರುತ್ತದೆ. ಮೂರು ಚಕ್ರಗಳು: ಕೆಳಗೆ ಪಿಸ್ಟನ್ನಿನದು, ಮೇಲೆ ವಾಲ್ವಿನದು, ಪಕ್ಕದಲ್ಲಿ ಡೀಸೆಲ್ ಪಂಪಿನದು. ಒಂದೊಂದರ ಮೇಲೂ ಕೂದಲೆಳೆಯಷ್ಟು ಗುರುತು. ಮೂರೂ ತಂತಮ್ಮ ಗೆರೆಯ ಮುಂದೆ ನಿಲ್ಲಬೇಕು. ಕೂರಿಸಿದ ಮೇಲೆ ಕೀಲಿ ತಿರುಗಿಸುವಂತಿಲ್ಲ. ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು.

ಅಬೇರತ್ನ ತಿರುಗಿಸುತ್ತಾರೆ. ಒಂದು ಸುತ್ತು. ಎರಡು ಸುತ್ತು. ಬಗ್ಗಿ ನೋಡುತ್ತಾರೆ. ಎಡಗಣ್ಣು ಮುಚ್ಚಿ ನೋಡುತ್ತಾರೆ. ಆ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು.

"ಪಂಪಿನ ಚಕ್ರ ಒಂದು ಹಲ್ಲು ಹಿಂದಿದೆ," ಎನ್ನುತ್ತಾರೆ. ಗಂಟೆ ಒಂದು.

ಕವುಮ್ ತಟ್ಟೆ ಹಿಡಿದು ಬಂದಿದ್ದ ಟೈಟಸ್ ಇಣುಕಿ ನೋಡುತ್ತಾರೆ. "ಪಂಪು ತಾನೇ? ವಾಲ್ವಿನದು ಸರಿ ಇದೆಯಲ್ಲ. ಎಂಜಿನ್ನಿಗೆ ಏನೂ ಆಗಲ್ಲ ಮಚಾಂಗ್. ಸ್ವಲ್ಪ ಹೊಗೆ ಬಿಡುತ್ತೆ, ಬೆಳಿಗ್ಗೆ ಸ್ವಲ್ಪ ಕೆಮ್ಮುತ್ತೆ. ಹಾಗೇ ಕೊಟ್ಟು ಕಳಿಸು, ಹಬ್ಬದ ಮೇಲೆ ಸರಿಮಾಡು. ಮತ್ತೆ ಬಿಚ್ಚಿದ್ರೆ ನೊನಗತೆಗೆ ಮುಂಚೆ ಮುಗಿಯಲ್ಲ."

"ಮಾತು ಕೊಟ್ಟಿದ್ದು ಬೆಲ್ಟ್ ಹಾಕ್ತೀನಿ ಅಂತ," ಎನ್ನುತ್ತಾರೆ ಅಬೇರತ್ನ. "ಹತ್ತಿರತ್ತಿರ ಹಾಕ್ತೀನಿ ಅಂತಲ್ಲ."

"ನಾಳೆ ಆರೂ ನಲವತ್ತೆಂಟಕ್ಕೆ ಗಾಡಿ ತುಂಡು ತುಂಡಾಗಿ ಬಿದ್ದಿದ್ರೆ ಈ ನಂಗಿ ನಿನಗೆ ಪೂಜೆ ಮಾಡ್ತಾಳೆ ನೋಡು."

ಎಲ್ಲರ ಕಣ್ಣೂ ಶ್ರೀಯಾಲತಾರತ್ತ ಹೊರಳುತ್ತವೆ. ಗಾಢ ಹಸಿರು ಸೀರೆಯ ಸೆರಗಿನಿಂದ ಅವರು ಕುತ್ತಿಗೆ ಒರೆಸಿಕೊಳ್ಳುತ್ತಾರೆ. ಮೊಳೆಗೆ ತೂಗುಬಿಟ್ಟ ಪಂಚಾಂಗವನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡುತ್ತಾರೆ.

"ಬಿಚ್ಚಿ, ಬಾಸುನ್ನೆಹೆ. ಆಗದಿದ್ರೆ ನಾಳೆ ಸುಮ್ಮನೆ ಸ್ಟಿಯರಿಂಗ್ ಮುಟ್ಟಿ ಕೈ ಮುಗೀತೀನಿ. ಮೊದಲ ದಿನವೇ ಕೆಮ್ಮೋದು ಬೇಡ."

ಉರುಳೆ ಸಡಿಲಾಗುತ್ತದೆ, ಬೆಲ್ಟ್ ಮತ್ತೆ ಹೊರಬರುತ್ತದೆ. ಟೈಟಸ್ ಗೊಣಗುತ್ತಲೇ ಅಂಗಿಯ ತೋಳು ಮಡಿಸಿ ಪೈಪು ಹಿಡಿಯಲು ನಿಲ್ಲುತ್ತಾರೆ. ವಿಪುಲ ಬೋಲ್ಟುಗಳನ್ನು ಸಾಲಾಗಿ ಜೋಡಿಸಿ, ಕೇಳುವ ಮೊದಲೇ ಒಂದೊಂದಾಗಿ ಕೈಗಿಡುತ್ತಾರೆ. ಈ ಸಲ ಅಬೇರತ್ನ ಟಾರ್ಚ್ ಆರಿಸಿ ಪಕ್ಕಕ್ಕಿಡುತ್ತಾರೆ. ಎರಡೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹೆಬ್ಬೆರಳ ಉಗುರನ್ನು ಪಂಪಿನ ಚಕ್ರದ ಅಂಚಿನುದ್ದಕ್ಕೂ ಮೆಲ್ಲಗೆ ಎಳೆಯುತ್ತಾ ಹೋಗುತ್ತಾರೆ, ಅಜ್ಜಿ ಮೊಮ್ಮಗಳ ತಲೆಯಲ್ಲಿ ಬೈತಲೆ ಹುಡುಕುವಂತೆ. ಉಗುರು ಒಂದು ಕಡೆ ಸಿಕ್ಕಿ ನಿಲ್ಲುತ್ತದೆ. "ಇಲ್ಲಿದ್ದೀಯಾ," ಎನ್ನುತ್ತಾರೆ.

ಬೆಲ್ಟ್ ಕೂರುತ್ತದೆ. ಎರಡು ಸುತ್ತು. ಮೂರು ಗುರುತುಗಳೂ ಗೆರೆಗೆ ಗೆರೆ. ಖಾತ್ರಿಗೆಂದು ಮತ್ತೆರಡು ಸುತ್ತು. ಆಗಲೂ ಸರಿ. ಗಂಟೆ ಒಂದೂ ನಲವತ್ತು.

ಮುಚ್ಚಳ, ಚಕ್ರ, ಫ್ಯಾನು ಒಂದೊಂದಾಗಿ ಮರಳಿ ಕೂರುತ್ತಿರುವಾಗ, ಈ ವಿದ್ಯೆ ಮುಂದೆ ಯಾರಿಗೆ ಎಂದು ಕೇಳಿದರೆ ಅಬೇರತ್ನರಿಗೆ ಬೇಸರವೇನೂ ಇದ್ದಂತಿಲ್ಲ. ಈಗ ಬರುವ ಎಷ್ಟೋ ಗಾಡಿಗಳಿಗೆ ಬೆಲ್ಟಿನ ಬದಲು ಸರಪಳಿ, ಇನ್ನು ಕೆಲವಕ್ಕೆ ಎಂಜಿನ್ನೇ ಇಲ್ಲ. ಜಪಾನಿನಲ್ಲಿ ಮತ್ತೊಬ್ಬ ರಾಜ ಬಂದು, ಚೀಟಿಗಳ ಮೇಲೆ ಎಣಿಕೆ ಮತ್ತೆ ಒಂದು, ಎರಡು ಎಂದು ಶುರುವಾಗಿದೆ. "ನನಗೆ ಆಸೆ ಅಂದ್ರೆ ಇಷ್ಟೇ. ಈ ಊರಲ್ಲಿ ಇನ್ನೂ ಒಂದು ನಾನೂರು ಬೆಲ್ಟ್ ಓಡಾಡ್ತಿರಬಹುದು. ಅವು ಮುಗಿಯೋವರೆಗೂ ಒಂದು ಕಣ್ಣು ಕಾಣಿಸಿದ್ರೆ ಸಾಕು. ಕಣ್ಣು ಹೋದ್ರೆ ಉಗುರಿದೆ."

ಹಳೆಯ ಜಪಾನಿ ಚೀಟಿಯ ಪಕ್ಕದಲ್ಲಿ ಹೊಸದೊಂದು ತಗಡು ಬರುತ್ತದೆ. ಹಾಲಿನಪುಡಿ ಡಬ್ಬಿಯಿಂದ ಕತ್ತರಿಸಿದ್ದು. ಮಸಿಯಾದರೆ ಅಳಿಸುತ್ತದೆಂದು ಮೊಳೆಯಿಂದ ಒತ್ತಿ ಕೊರೆದ ಅಕ್ಷರಗಳು: ದಿನ, ತಿಂಗಳು, ನಾಲ್ಕೂ ಅಂಕಿ ಬಿಡಿಸಿ ಬರೆದ ವರ್ಷ, ಮೀಟರಿನ ಓಟ, ಪಕ್ಕದಲ್ಲಿ 'ಮೀಟರ್ ನಂಬಬೇಡಿ' ಎಂದು ಸಿಂಹಳದಲ್ಲಿ ಎರಡು ಮಾತು. ವಿಪುಲ ಎಲ್ಲಿಂದಲೋ ಹೊಸ ಬಲ್ಬ್ ತಂದಿದ್ದಾರೆ. ಯಾರೂ ಹೇಳದಿದ್ದರೂ ಬೆನ್ನು ಬಗ್ಗಿಸಿ, ಹಲ್ಲು ಕಚ್ಚಿ, ತಾವೇ ಅದನ್ನು ಗೂಡಿಗೆ ಸಿಕ್ಕಿಸುತ್ತಾರೆ. ಅಬೇರತ್ನ ದೀಪದ ಲೆಕ್ಕವನ್ನು ಮತ್ತೆ ಸೊನ್ನೆಗೆ ತರುತ್ತಾರೆ. ಒಳಗೆ ಸೋಮಲತಾ ಒಲೆಯ ಕೆಂಡಕ್ಕೆ ನೀರು ಚಿಮುಕಿಸುವ ಚುಂಯ್ ಸದ್ದು. "ಎರಡೂ ಐದು!" ಎಂದು ಅಲ್ಲಿಂದಲೇ ಕೂಗುತ್ತಾರೆ.

ಸೀಟು ಕೆಳಗಿಳಿಯುತ್ತದೆ. ಶ್ರೀಯಾಲತಾ ಹತ್ತಿ ಕೂತು, ಕೀಲಿಯನ್ನು ಅರ್ಧ ತಿರುಗಿಸುತ್ತಾರೆ. ಮೀಟರಿನ ಪಕ್ಕದ ಕೆಂಪು ದೀಪ ಒಮ್ಮೆ ಮಿನುಗಿ ಆರುತ್ತದೆ. ಪೂರ್ತಿ ತಿರುಗಿಸುತ್ತಾರೆ. ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡು ನಡುಗುತ್ತ ನಿಲ್ಲುತ್ತದೆ. ಹೊಗೆಯಿಲ್ಲ, ಕೆಮ್ಮಿಲ್ಲ. ಟೈಟಸ್ ಕೂಡ ಕಿವಿಗೊಟ್ಟು ನಿಂತಿದ್ದಾರೆ.

ಶ್ರೀಯಾಲತಾ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾರೆ. ಹುಬ್ಬು ಗಂಟಿಕ್ಕಿದೆ.

"ಬಾಸುನ್ನೆಹೆ, ಬೆಳಗಿಂದ ಇಷ್ಟೆಲ್ಲಾ ಮಾಡಿದ್ರಿ. ಮೊದಲು ಹೇಗಿತ್ತೋ ಹಾಗೇ ಇದೆಯಲ್ಲ ಶಬ್ದ?"

ಅಬೇರತ್ನ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಎಂಜಿನ್ನಿನ ಕಡೆ ಬಲಗಿವಿ ತಿರುಗಿಸಿ, ಇನ್ನೊಂದು ಗಳಿಗೆ ಕೇಳುತ್ತಾರೆ.

"ಹಾಗೇ ಇದೆಯಾ?" ಎನ್ನುತ್ತಾರೆ. "ಹಂಗಾದ್ರೆ ಸರಿಯಾಗಿದೆ. ತಗೊಂಡು ಹೋಗು, ನಂಗಿ."